ಸೈಪ್ರಸ್ ಸೆಮಿನಾರ್: ಎರಡು ಕಡೆಯ ದೂರು ಒಂದಕ್ಕೊಂದು ಕೂಡದಿದ್ದರೆ

ಸೈಪ್ರಸ್ ದ್ವೀಪದ ಗ್ರೀಕ್ ಮತ್ತು ಟರ್ಕಿಶ್ ಸಮುದಾಯಗಳ ಜಗಳದ ಬಗ್ಗೆ ಸೆಮಿನಾರಿಗೆ ಟಿಪ್ಪಣಿ ಮಾಡುತ್ತಿದ್ದೀರಿ, ಎರಡು ಕಡೆಯ ದೂರುಗಳು ತಾಳೆಯಾಗುತ್ತಿಲ್ಲ ಎಂದಿರಿ. ನಿಮ್ಮ ಗ್ರೀಕ್ ಮೂಲ 1974ರಿಂದ ಕಥೆ ಶುರು ಮಾಡುತ್ತದೆ, ಟರ್ಕಿಶ್ ಮೂಲ 1963ರಿಂದ. ಸೆಮಿನಾರಿನ ಟಿಪ್ಪಣಿ ತಾಳೆಯಾಗದಿರಲು ಬಹುಶಃ ಅದೇ ಕಾರಣ, ಯಾರೋ ಸುಳ್ಳು ಹೇಳಿದ್ದಾರೆಂದಲ್ಲ. ನಾನು ಇದೇ ಪಾಠ ಮಾಡುವಾಗ ಇಸವಿವಾರು ಪಟ್ಟಿ ಹಾಕಿ ಬಿಡಿಸಿಕೊಂಡೆ.

ಮೊದಲು ಸೈಪ್ರಸ್‌ನ 1960ರ ಸಂವಿಧಾನ: ಗ್ರೀಕ್ ಅಧ್ಯಕ್ಷ, ಟರ್ಕಿಶ್ ಉಪಾಧ್ಯಕ್ಷ, ಇಬ್ಬರಿಗೂ ಕೆಲವು ವಿಷಯಗಳಲ್ಲಿ ವೀಟೊ. ಅದರ ಕೆಳಗೆ 1963ರ ಡಿಸೆಂಬರ್. ಇಲ್ಲಿ ಅವಸರ ಬೇಡ, ಹೆಚ್ಚಿನವರು ಹಾರಿಸಿಬಿಡುವ ಭಾಗ ಇದು. ಆಗ ಎರಡು ಸಮುದಾಯಗಳ ನಡುವೆ ನಡೆದ ಹಿಂಸೆಗೆ ಸಾವಿರಾರು ಟರ್ಕಿಶ್ ಸೈಪ್ರಿಯಟರು ಊರು ಬಿಟ್ಟು, ಸುತ್ತ ದಿಗ್ಬಂಧನವಿದ್ದ ಕೇರಿಗಳಲ್ಲಿ ವರ್ಷಗಟ್ಟಲೆ ಬದುಕಿದರು. (1964ರಲ್ಲಿ ಅಲ್ಲಿನ ವಿಶ್ವಸಂಸ್ಥೆಯ ಪಡೆಯ ನಾಯಕತ್ವ ವಹಿಸಿದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. 1965ರಲ್ಲಿ ಅಲ್ಲೇ ತೀರಿಕೊಂಡರು.)

ಆಮೇಲೆ 1974. ಜುಲೈ 15ಕ್ಕೆ ಗ್ರೀಸಿನ ಸೇನಾಡಳಿತ ಸೈಪ್ರಸ್ ಸರ್ಕಾರವನ್ನು ಉರುಳಿಸಲು ಮಾಡಿಸಿದ ಸೇನಾ ದಂಗೆ, ಜುಲೈ 20ಕ್ಕೆ ಟರ್ಕಿ ಸೇನೆ ಇಳಿದದ್ದು, ಆಗಸ್ಟ್ 14ರ ಎರಡನೇ ದಾಳಿ: ಮೂರನ್ನೂ ಬೇರೆಬೇರೆ ಸಾಲಿನಲ್ಲಿಡಿ. ಟರ್ಕಿಶ್ ಕಡೆಯವರು ಮೊದಲನೆಯದನ್ನು ಒತ್ತುತ್ತಾರೆ, ಗ್ರೀಕರು ಕೊನೆಯ ಎರಡನ್ನು. ಮನೆ ಕಳೆದುಕೊಂಡ ಗ್ರೀಕರ ಲೆಕ್ಕ ಮೂಲದಿಂದ ಮೂಲಕ್ಕೆ ಬದಲಾಗುತ್ತದೆ, ಹಾಗಾಗಿ ಯಾರ ಲೆಕ್ಕವೆಂದು ಹೇಳಿಯೇ ಬಳಸಿ. 1963–64 ಮತ್ತು 1974ರಲ್ಲಿ ಕಾಣೆಯಾದವರ ಲೆಕ್ಕ ಮಾತ್ರ ಗಟ್ಟಿ: ಎರಡೂ ಸಮುದಾಯದವರಿರುವ ಸಮಿತಿಯ ಪಟ್ಟಿಯಲ್ಲಿ 1,510 ಗ್ರೀಕರು, 492 ಟರ್ಕರು. ನನ್ನ ಮಟ್ಟಿಗೆ ನಿಮ್ಮ ಸೆಮಿನಾರಿನ ಜೀವಾಳ ಇದೇ.

ಕೊನೆಗೆ 2004ರ ಜನಮತ: ಇಬ್ಭಾಗವಾದ ದ್ವೀಪ ಮತ್ತೆ ಒಂದಾಗುವ ಯೋಜನೆಗೆ ಟರ್ಕಿಶ್ ಕಡೆ ಸುಮಾರು 65% ಹೌದು, ಗ್ರೀಕ್ ಕಡೆ ಸುಮಾರು 76% ಬೇಡ.

ಈಗ ಎರಡೂ ಮೂಲಗಳ ದೂರುಗಳನ್ನು ಆಯಾ ಇಸವಿಯ ಎದುರು ತುಂಬಿ. ಒಂದು ಕಡೆ ಖಾಲಿ ಉಳಿಯುವ ಸಾಲುಗಳಿಂದಲೇ ಮಾತು ಶುರು ಮಾಡಿ.