ಸಾಮಾನ್ಯ ಜನ ತಮ್ಮದೇ ಸರ್ಕಾರದ ವಿರುದ್ಧ ಯಾವತ್ತಾದರೂ ದಂಗೆ ಏಳುತ್ತಾರಾ?

ಏಳುತ್ತಾರೆ. ನೀವು ಮುಂದೆ ಎಂದೋ ಆಗುವ ಮಾತು ಎಂಬಂತೆ "ಯಾವತ್ತಾದರೂ" ಎಂದು ಕೇಳಿದ್ದೀರಿ. ನಾನು ಆಗಲೇ ಒಂದು ಸಲ ಅದರ ಮಧ್ಯೆ ಸಿಕ್ಕಿಹಾಕಿಕೊಂಡಿದ್ದೆ, ಬೆಂಗಳೂರಿನ ಬಿಎಂಟಿಸಿ ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ.

2016ರ ಏಪ್ರಿಲ್ 18, ಸೋಮವಾರ. ಹೊಸೂರು ರಸ್ತೆ, ಬೊಮ್ಮನಹಳ್ಳಿ ಹತ್ತಿರ ಬಸ್ಸು ನಿಂತಿದ್ದು ನಿಂತೇ ಬಿಟ್ಟಿತು. ಆ ರಸ್ತೆಯಲ್ಲಿ ಟ್ರಾಫಿಕ್ ಹೊಸದಲ್ಲ, ಎಲ್ಲೋ ಆಕ್ಸಿಡೆಂಟ್ ಆಗಿರಬೇಕು ಅಂದುಕೊಂಡೆ. ಅರ್ಧ ಗಂಟೆ ಆದ ಮೇಲೆ ಇಳಿದು ನಡೆದೆ. ಮುಂದೆ ನೋಡಿದರೆ ರಸ್ತೆ ತುಂಬಾ ಹೆಂಗಸರು. ಕೊರಳಲ್ಲಿ ಫ್ಯಾಕ್ಟರಿಯ ಐಡಿ ಕಾರ್ಡು, ಕೈಯಲ್ಲಿ ಊಟದ ಡಬ್ಬಿಯ ಚೀಲ, ಬಿಸಿಲಿಗೆ ತಲೆ ಮೇಲೆ ಸೆರಗು, ವೇಲು. ಬಾವುಟ ಇಲ್ಲ, ಮೈಕ್ ಇಲ್ಲ, ಶಾಲು ಹೊದ್ದ ಮುಖಂಡರಿಲ್ಲ. ಪಾಪ, ಒಬ್ಬ ಪೊಲೀಸ್ ಅಧಿಕಾರಿ "ನಿಮ್ಮ ಲೀಡರ್ ಯಾರಮ್ಮ?" ಎಂದು ಕೇಳುತ್ತಲೇ ಇದ್ದರು. ಯಾರೂ ಇರಲಿಲ್ಲ.

ವಿಷಯ ಏನು ಎಂದು ನನಗೆ ತಿಳಿದದ್ದು ರಾತ್ರಿ ಮನೆಗೆ ಬಂದ ಮೇಲೆ. ಆಗ ನಾವಿದ್ದ ವಠಾರದಲ್ಲಿ ಪಕ್ಕದ ಮನೆಯ ಅಕ್ಕ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರು. ಮಧುಗಿರಿ ಕಡೆಯವರು. ಎತ್ತರದ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಅವತ್ತು ಅವರೂ ರಸ್ತೆಯಲ್ಲಿದ್ದರಂತೆ. "ಅಣ್ಣ, ಐವತ್ತೆಂಟು ವರ್ಷ ಆಗೋವರೆಗೂ ಪಿಎಫ್ ದುಡ್ಡು ಕೊಡಲ್ವಂತೆ. ಅಲ್ಲೀವರೆಗೆ ಗಾರ್ಮೆಂಟ್ಸಲ್ಲಿ ಯಾರ ಕಣ್ಣು ಉಳಿಯುತ್ತೆ ಹೇಳಿ? ನಲವತ್ತಕ್ಕೇ ಸೂಜಿಗೆ ದಾರ ಪೋಣಿಸೋಕಾಗಲ್ಲ."

ಆಗಿದ್ದು ಇಷ್ಟು. ಕೇಂದ್ರ ಸರ್ಕಾರ ಆ ವರ್ಷ ಫೆಬ್ರವರಿಯಲ್ಲಿ ಪಿಎಫ್ ನಿಯಮ ಬದಲಾಯಿಸಿತ್ತು. ಆ ಹೊಸ ನಿಯಮದ ಪ್ರಕಾರ, ಕೆಲಸ ಬಿಟ್ಟರೆ ನೀವು ಕಟ್ಟಿದ ಪಾಲು ಮತ್ತು ಅದರ ಬಡ್ಡಿ ಸಿಗುತ್ತಿತ್ತು. ಮಾಲೀಕರು ಕಟ್ಟಿದ ಪಾಲು ಮಾತ್ರ 58 ವರ್ಷ ತುಂಬಿದ ಮೇಲೆ. ಮಾಲೀಕರು ಕಟ್ಟುವ ಶೇ. 12ರಲ್ಲಿ ಶೇ. 8.33 ಪಿಂಚಣಿಗೆ ಹೋಗುತ್ತದೆ, ಪಿಎಫ್ ಖಾತೆಗೆ ಬೀಳುವುದು ಶೇ. 3.67. ದೆಹಲಿಯಲ್ಲಿ ಕೂತು ನೋಡಿದರೆ ಸಣ್ಣ ತಿದ್ದುಪಡಿ. ಜನರ ಒಳ್ಳೆಯದಕ್ಕೇ, ಮುಪ್ಪಿಗೆ ಉಳಿತಾಯ ಆಗಲಿ ಅಂತಲೇ ಮಾಡಿದ್ದು ಎಂದು ವಾದಿಸಲೂಬಹುದು.

ಆದರೆ ತಿಂಗಳಿಗೆ ಏಳು ಸಾವಿರದ ಆಸುಪಾಸು ಸಂಬಳ ಬರುವವರಿಗೆ ಜೀವನದಲ್ಲಿ ಒಟ್ಟಿಗೆ ಕಾಣುವ ದೊಡ್ಡ ಮೊತ್ತ ಅದೊಂದೇ. ನಾಲ್ಕೈದು ವರ್ಷ ಒಂದು ಫ್ಯಾಕ್ಟರಿಯಲ್ಲಿ ದುಡಿದು, ಬಿಟ್ಟು, ಪಿಎಫ್ ತೆಗೆಸಿ, ಮತ್ತೊಂದು ಫ್ಯಾಕ್ಟರಿಗೆ ಸೇರುವುದು ಅಲ್ಲಿ ಮಾಮೂಲು. ಆ ದುಡ್ಡು ಬರುವ ಮೊದಲೇ ಖರ್ಚಾಗಿರುತ್ತದೆ: ಜೂನ್‌ನಲ್ಲಿ ಮಕ್ಕಳ ಸ್ಕೂಲು, ಊರಿನ ಕೈಸಾಲ, ತಂಗಿಯ ಮದುವೆ. ಕನ್ನಡ ಪತ್ರಿಕೆಯೊಂದರಲ್ಲಿ ಈ ಸುದ್ದಿ ಬಂತು. ಬಾಯಿಂದ ಬಾಯಿಗೆ, ಲೈನಿಂದ ಲೈನಿಗೆ ಹರಡಿತು. ಯೂನಿಯನ್‌ಗಳಿಗೇ ಇದು ಗೊತ್ತಾಗುವ ಹೊತ್ತಿಗೆ ಮೆಷಿನ್‌ಗಳು ನಿಂತಿದ್ದವು.

ಮರುದಿನ ತುಮಕೂರು ರಸ್ತೆ, ಜಾಲಹಳ್ಳಿ ಕಡೆಗೂ ಹಬ್ಬಿತು. ಬಸ್ಸುಗಳು ಸುಟ್ಟವು. ಹೆಬ್ಬಗೋಡಿಯಲ್ಲಿ ಪೊಲೀಸ್ ಠಾಣೆಗೆ ಕಲ್ಲು ಬಿತ್ತು, ಅಲ್ಲಿದ್ದ ವಾಹನಗಳಿಗೆ ಬೆಂಕಿ ಬಿತ್ತು. ಲಾಠಿ, ಅಶ್ರುವಾಯು ಎಲ್ಲ ಆಯಿತು. ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸುತ್ತಿಲ್ಲ, ಹಾಗಂತ ಅದನ್ನು ಬಿಟ್ಟು ಕಥೆ ಹೇಳುವುದೂ ಸರಿಯಲ್ಲ. ಆಗಿನ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಮೊದಲು "ಜುಲೈ 31ರವರೆಗೆ ಮುಂದೂಡುತ್ತೇವೆ" ಎಂದರು. ಅದೇ ದಿನ ಸಂಜೆಯೊಳಗೆ ಆದೇಶ ಪೂರ್ತಿ ವಾಪಸ್. ಎರಡೇ ದಿನ.

ಇದನ್ನು ದಂಗೆ ಅನ್ನಬೇಕಾ, ಪ್ರತಿಭಟನೆ ಅನ್ನಬೇಕಾ? ನೀವೇ ಹೆಸರಿಡಿ. ಸರ್ಕಾರವನ್ನು ಕಿತ್ತೊಗೆಯಬೇಕು ಎಂದು ಅವರು ಯಾರೂ ಬಂದಿರಲಿಲ್ಲ. ಆದರೆ ಬಗ್ಗಿದ್ದು ಸರ್ಕಾರ.

ನಾನು ಇದರಿಂದ ಅರ್ಥ ಮಾಡಿಕೊಂಡಿದ್ದು: ಜನ ಬಡತನಕ್ಕೆ ಏಳುವುದು ಕಡಿಮೆ, ಭ್ರಷ್ಟಾಚಾರಕ್ಕೆ ಇನ್ನೂ ಕಡಿಮೆ. 2ಜಿ ಹಗರಣದಲ್ಲಿ 1.76 ಲಕ್ಷ ಕೋಟಿ ನಷ್ಟ ಎಂದು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಅಂದಾಜು ಕೊಟ್ಟಾಗ ಅಷ್ಟೊಂದು ಸೊನ್ನೆ ಯಾರ ಮನೆಯ ಲೆಕ್ಕಕ್ಕೂ ಸಿಗಲಿಲ್ಲ. 2011ರಲ್ಲಿ ಅಣ್ಣಾ ಹಜಾರೆ ಪರವಾಗಿ ಫ್ರೀಡಂ ಪಾರ್ಕಿಗೆ ನಾನೂ ಹೋಗಿದ್ದೆ. ಮೇಣದ ಬತ್ತಿ ಹಿಡಿದೆ, ಫೋಟೋ ತೆಗೆಸಿಕೊಂಡೆ, ಬರುವಾಗ ಮಸಾಲೆ ದೋಸೆ ತಿಂದೆ. "ಇದು ನನ್ನದು, ಇಂಥ ತಿಂಗಳು ಕೈಗೆ ಬರುತ್ತೆ" ಎಂದು ಲೆಕ್ಕ ಹಾಕಿ ಇಟ್ಟುಕೊಂಡಿದ್ದಕ್ಕೆ ಸರ್ಕಾರ ಕೈ ಹಾಕಿತು ನೋಡಿ, ಆಗ ಮಾತು ಬೇರೆ.

ನಮ್ಮಲ್ಲಿ ಇದು ಹೊಸದೂ ಅಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಎದ್ದಿದ್ದು ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ಮೇಲೆ. ನೀರೇ ನೆಟ್ಟಗೆ ಬಾರದ ಹೊಲಕ್ಕೆ, ನೀರಾವರಿಯಿಂದ ಬೆಲೆ ಏರಿತು ಅಂತ ಕರ! ಗೋಲಿಬಾರ್ ಆಯಿತು, ರೈತರು ಸತ್ತರು. ಆ ಕಡೆ ಇವತ್ತಿಗೂ ಆ ದಿನ ಹುತಾತ್ಮ ದಿನ. ರೈತ ಸಂಘ ಬೆಳೆದದ್ದು ಆ ಸಿಟ್ಟಿನಿಂದ. 1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಬಿತ್ತು.

ಇನ್ನೂ ಹಿಂದೆ ಹೋದರೆ 1830ರ ನಗರ ದಂಗೆ. ಶಿವಮೊಗ್ಗ ಜಿಲ್ಲೆಯ ನಗರ, ಹಳೆಯ ಬಿದನೂರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ. ಅಂದರೆ ಪರದೇಶಿ ಸರ್ಕಾರವಲ್ಲ, ಜನರ ಸ್ವಂತ ಮಹಾರಾಜರದೇ. ಕಂದಾಯಕ್ಕೆ "ಶರತ್ತು" ಎಂಬ ಪದ್ಧತಿ ಇತ್ತು. ಇಷ್ಟು ವಸೂಲಿ ಮಾಡಿಯೇ ಮಾಡುತ್ತೇನೆ ಎಂದು ಅಮಲ್ದಾರ ಬರೆದುಕೊಡಬೇಕು, ಕಡಿಮೆ ಬಿದ್ದರೆ ಅವನ ಕೈಯಿಂದ ಕಟ್ಟಬೇಕು. ಅವನು ಯಾರ ಕೈಯಿಂದ ಕಿತ್ತಿರುತ್ತಾನೆ ಎಂದು ಬೇರೆ ಹೇಳಬೇಕಾ? ರೈತರು ಊರೂರಲ್ಲಿ "ಕೂಟ" ಸೇರಿದರು, ಕಂದಾಯ ಕೊಡಲ್ಲ ಎಂದರು. ಇಲ್ಲಿಯವರೆಗೆ ಎಲ್ಲ ಅವರದೇ. ಆಮೇಲೆ ಕೆಳದಿ ಅರಸರ ವಾರಸುದಾರ ನಾನು ಎನ್ನುತ್ತಾ ಬೂದಿ ಬಸವಪ್ಪ ಬಂದ, ತರೀಕೆರೆಯ ಪಾಳೆಯಗಾರರು ಸೇರಿಕೊಂಡರು. ಬ್ರಿಟಿಷ್ ಸೈನ್ಯ ಬಂದು ದಂಗೆ ಅಡಗಿಸಿತು. 1831ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಬೆಂಟಿಂಕ್ ಇದನ್ನೇ ನೆಪ ಮಾಡಿಕೊಂಡು ಮೈಸೂರಿನ ಆಡಳಿತವನ್ನೇ ಕಿತ್ತುಕೊಂಡ. ಒಡೆಯರಿಗೆ ಅದು ವಾಪಸ್ ಸಿಕ್ಕಿದ್ದು 1881ರಲ್ಲಿ. ಕಂದಾಯ ಇಳಿಸಿ ಎಂದು ಕೂಟ ಸೇರಿದ ರೈತ ಕೇಳಿದ್ದು ಇದನ್ನಾ? ಏಳುವುದು ಒಬ್ಬರು, ಆಮೇಲೆ ಕುರ್ಚಿ ಮೇಲೆ ಕೂರುವುದು ಇನ್ಯಾರೋ. ದಂಗೆ ಎಂದರೆ ನನಗೆ ಭಯ ಆಗುವುದು ಈ ಕಾರಣಕ್ಕೆ.

ಚುನಾಯಿತ ಸರ್ಕಾರವೇ ಓಡಿಹೋಗುವಷ್ಟು ಆಗುತ್ತಾ ಎಂದರೆ, ಶ್ರೀಲಂಕಾ ಇದೆಯಲ್ಲ. ಅಲ್ಲಿ ಅಧ್ಯಕ್ಷರಾಗಿದ್ದ ಗೋಟಬಯ ರಾಜಪಕ್ಸ 2019ರ ನವೆಂಬರ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ವೋಟು ಪಡೆದು ಗೆದ್ದವರು. 2022ರ ಮಾರ್ಚ್ ಹೊತ್ತಿಗೆ ದಿನಕ್ಕೆ 13 ಗಂಟೆ ಕರೆಂಟಿಲ್ಲ, ಗ್ಯಾಸ್‌ಗೆ ಕ್ಯೂ, ಪೇಪರ್ ಇಲ್ಲದೆ ಶಾಲೆಯ ಪರೀಕ್ಷೆ ಮುಂದಕ್ಕೆ ಹೋಯಿತು. ಜುಲೈ 9ಕ್ಕೆ ಜನ ಅಧ್ಯಕ್ಷರ ಅರಮನೆಗೆ ನುಗ್ಗಿ ಈಜುಕೊಳದಲ್ಲಿ ಈಜಿದರು. 13ಕ್ಕೆ ಅವರು ಮಾಲ್ಡೀವ್ಸ್‌ಗೆ ಹಾರಿದರು. ಅವರಿಗೆ ವೋಟು ಹಾಕಿದ ಎಷ್ಟೋ ಜನ ಆ ಗುಂಪಿನಲ್ಲಿ ಇದ್ದಿರಬೇಕು.

ಹಾಗಾದರೆ ನಮ್ಮಲ್ಲಿ ಯಾಕೆ ಅಷ್ಟು ದೂರ ಹೋಗುವುದಿಲ್ಲ? ಐದು ವರ್ಷಕ್ಕೊಮ್ಮೆ ಸಿಟ್ಟು ತೀರಿಸಿಕೊಳ್ಳಲು ಚುನಾವಣೆ ಇದೆ. ಜಾತಿ, ಭಾಷೆ, ರಾಜ್ಯ ಅಂತ ಸಿಟ್ಟು ಹರಿದು ಹಂಚಿಹೋಗುತ್ತದೆ. ಎಲ್ಲಕ್ಕಿಂತ ಜಾಸ್ತಿ, ದಂಗೆಗೆ ರಜೆ ಸಿಗುವುದಿಲ್ಲ. ಪಕ್ಕದ ಮನೆಯ ಅಕ್ಕನಿಗೆ ಆ ಎರಡು ದಿನದ ಸಂಬಳ ಕಟ್ ಆಯಿತು. ಏಪ್ರಿಲ್ 20ಕ್ಕೆ ಎಂದಿನಂತೆ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೊರಟರು. ನಿಂತ ಕೆಲಸ ತೀರಿಸಲು ಆ ವಾರ ಭಾನುವಾರವೂ ಹೋದರು.

ಎರಡು ವರ್ಷದ ಮೇಲೆ ಆ ಕೆಲಸ ಬಿಟ್ಟು ಪಿಎಫ್‌ಗೆ ಅರ್ಜಿ ಹಾಕಿದರು. ಅರವತ್ತು ಸಾವಿರ ಚಿಲ್ಲರೆ ಬಂತು. ಬ್ಯಾಂಕಿನ ಮೆಸೇಜ್ ಬಂದ ದಿನ ಮೊಬೈಲ್ ಹಿಡಿದು ನಮ್ಮ ಬಾಗಿಲಿಗೆ ಬಂದು, "ಇದರಲ್ಲಿ ಓನರ್ ಪಾಲೂ ಸೇರಿದೆಯಾ, ನೋಡಿ ಅಣ್ಣ" ಎಂದರು. ಪಾಸ್‌ಬುಕ್ ತೆಗೆದು ಕೂಡಿ ನೋಡಿದೆ. ಸೇರಿತ್ತು.