ಆಲ್ಡ್‌ಗೇಟ್‌ನಲ್ಲಿ ಕೆಲಸಕ್ಕೆ ಸೇರಿದ ತಮ್ಮನಿಗೆ

ತಮ್ಮಾ,

ನೀನು ಬರೆದದ್ದು ಓದಿದೆ. ಚಿತ್ರದುರ್ಗದಿಂದ ಲಂಡನ್ನಿಗೆ ಬಂದು ಮೂರು ತಿಂಗಳಾಯಿತು, ಆಲ್ಡ್‌ಗೇಟ್ ಹತ್ತಿರ ಆಫೀಸು, ಈಸ್ಟ್ ಹ್ಯಾಮ್‌ನಲ್ಲಿ ರೂಮು. ವಾರವೆಲ್ಲ ಹೇಗೋ ಕಳೆಯುತ್ತದೆ, ಶನಿವಾರ ಬಂದರೆ ಏನೂ ತೋಚುವುದಿಲ್ಲ ಎಂದಿದ್ದೀಯ. "ಎಲ್ಲಿ ನೋಡಿದರೂ ಗಾಜಿನ ಕಟ್ಟಡ. ಈ ಊರಿಗೂ ನನಗೂ ಏನು ಸಂಬಂಧ? ಅಕ್ಕಾ, ನೀವು ಇಷ್ಟು ವರ್ಷ ಇಲ್ಲಿ ಹೇಗಿದ್ದೀರಿ?" ಎಂದು ಕೇಳಿದ್ದೀಯ.

ಬಾಡಿಗೆ, ಚಳಿ, ಅಡುಗೆ ಇವೆಲ್ಲ ಆರು ತಿಂಗಳಲ್ಲಿ ತಾನಾಗಿ ಒಂದು ಹದಕ್ಕೆ ಬರುತ್ತವೆ. ಈಸ್ಟ್ ಹ್ಯಾಮ್‌ನಲ್ಲಿ ಕರಿಬೇವಿಗೂ ತೊಂದರೆಯಿಲ್ಲ. ಆದರೆ ಆ ಕೊನೆಯ ಪ್ರಶ್ನೆಯನ್ನು ನಾನೂ ಒಂದು ಕಾಲದಲ್ಲಿ ದಿನಾ ಕೇಳಿಕೊಂಡವಳು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಾನು ಬಂದದ್ದು 2006ರಲ್ಲಿ. ಆಫೀಸು ಟವರ್ ಹಿಲ್ ಪಕ್ಕ. ಸ್ಟೇಷನ್ನಿನಿಂದ ಹೊರಗೆ ಬಂದರೆ ಒಂದು ಎತ್ತರದ ಕಲ್ಲಿನ ಗೋಡೆ. ನಾಲ್ಕು ತಿಂಗಳು ದಿನಾ ಅದರ ಮುಂದೆಯೇ ಹೋದೆ, ತಲೆ ಎತ್ತಿ ನೋಡಲಿಲ್ಲ. ನಮ್ಮ ಬಿಲ್ಡಿಂಗಿನ ಸೆಕ್ಯೂರಿಟಿಯಲ್ಲಿ ಘಾನಾ ದೇಶದ ವಯಸ್ಸಾದವರೊಬ್ಬರಿದ್ದರು. ಒಂದು ದಿನ ಅವರು, "ಆ ಗೋಡೆ ಮುಟ್ಟಿ ನೋಡಿದ್ದೀಯಾ? ಸಾವಿರದ ಎಂಟುನೂರು ವರ್ಷದ್ದು" ಎಂದರು. ಅವತ್ತು ಊಟದ ಹೊತ್ತಿಗೆ ಡಬ್ಬಿ ಹಿಡಿದುಕೊಂಡು ಅಲ್ಲಿಗೇ ಹೋದೆ.

ನೀನೂ ಹತ್ತಿರ ಹೋಗಿ ನೋಡು. ಕೆಳಗಿನ ಭಾಗ ರೋಮನ್ನರದು, ಮೇಲಿನದು ಮಧ್ಯಯುಗದವರು ಏರಿಸಿದ್ದು. ಬೂದು ಬಣ್ಣದ ಒರಟು ಕಲ್ಲುಗಳು, ನಡುನಡುವೆ ಚಪ್ಪಟೆ ಕೆಂಪು ಇಟ್ಟಿಗೆಯ ತೆಳ್ಳನೆಯ ಸಾಲು. ಗೋಡೆ ಮಟ್ಟಸವಾಗಿ ನಿಲ್ಲಲಿ, ಗಟ್ಟಿಯಾಗಿ ಹಿಡಿದುಕೊಳ್ಳಲಿ ಅಂತ ಆ ಸಾಲು. ಈ ಗೋಡೆಯಲ್ಲಿ ಆ ಕೆಂಪು ಗೆರೆಗಳಿಂದಲೇ ರೋಮನ್ನರ ಕೈ ಗುರುತು ಹಿಡಿಯಬಹುದು. ಕ್ರಿ.ಶ. 200ರ ಸುಮಾರಿಗೆ ಕಟ್ಟಿದ್ದು, ಉದ್ದ ಸುಮಾರು ಮೂರು ಕಿಲೋಮೀಟರ್. ಕಲ್ಲೆಲ್ಲ ಕೆಂಟ್ ಕಡೆಯಿಂದ ದೋಣಿಯಲ್ಲಿ ಥೇಮ್ಸ್ ನದಿಗೆ ಬಂದಿದ್ದು. ಏಳು ಸುತ್ತಿನ ಕೋಟೆ ನೋಡಿ ಬೆಳೆದ ನಿನಗೆ ಇದು ಚಿಕ್ಕದೆನಿಸಬಹುದು. ಆದರೆ ನಿನ್ನ ಆಲ್ಡ್‌ಗೇಟ್ ಇದೇ ಕೋಟೆಯ ಬಾಗಿಲು, ಗೊತ್ತಾ? ಕೋಲ್ಚೆಸ್ಟರ್‌ಗೆ ಹೋಗುವ ದಾರಿ ಅಲ್ಲಿಂದ ಹೊರಡುತ್ತಿತ್ತು. ಬಿಷಪ್ಸ್‌ಗೇಟ್, ಲಡ್‌ಗೇಟ್, ನ್ಯೂಗೇಟ್ ಎಲ್ಲವೂ ಹಾಗೇ. ಬಾಗಿಲು ಹೋಗಿವೆ, ಹೆಸರು ಉಳಿದಿವೆ.

ಗೋಡೆ ಮೇಲೆ ಕಾಣುತ್ತದೆ, ರೋಮನ್ನರ ಊರು ಮಾತ್ರ ಕೆಳಗಿದೆ. ಕೆಲವು ಕಡೆ ಈಗಿನ ರಸ್ತೆಗಿಂತ ಏಳು ಮೀಟರ್ ಆಳದಲ್ಲಿ. ಹಳೆ ಮನೆ ಬಿದ್ದರೆ ಮಣ್ಣನ್ನು ಹೊತ್ತು ಸಾಗಿಸುವವರು ಯಾರು? ಅಲ್ಲೇ ಮಟ್ಟ ಮಾಡಿ ಮೇಲೆ ಕಟ್ಟಿಕೊಂಡರು. ಹಾಗೆ ಎರಡು ಸಾವಿರ ವರ್ಷ. ಪಾಯ ತೋಡುವಾಗ ತಳದ ಹತ್ತಿರ ಒಂದು ಕೆಂಪು ಪದರ ಸಿಗುತ್ತದೆ. ತಡಿಕೆಗೆ ಮಣ್ಣು ಮೆತ್ತಿ ಕಟ್ಟಿದ ಮನೆಗಳು ಸುಟ್ಟು ಇಟ್ಟಿಗೆಯ ಹಾಗಾದ ಮಣ್ಣು ಅದು. ಐಸಿನಿ ಎಂಬ ಬ್ರಿಟನ್ನಿನ ಬುಡಕಟ್ಟಿನ ರಾಣಿ ಬೂಡಿಕಾಳ ಗಂಡ ಸತ್ತಾಗ ರೋಮನ್ನರು ರಾಜ್ಯ ಕಿತ್ತುಕೊಂಡರು, ಅವಳಿಗೆ ಚಾಟಿಯಿಂದ ಹೊಡೆದರು, ಹೆಣ್ಣುಮಕ್ಕಳನ್ನು ಕೆಡಿಸಿದರು. ಕ್ರಿ.ಶ. 60-61ರಲ್ಲಿ ಅವಳು ದಂಡು ಕಟ್ಟಿಕೊಂಡು ಬಂದು ಇಡೀ ಊರಿಗೆ ಬೆಂಕಿ ಇಟ್ಟಳು. ಆಗ ಈ ಊರಿಗೆ ಹದಿಮೂರು ಹದಿನಾಲ್ಕು ವರ್ಷ ಅಷ್ಟೇ.

ಆ ಊರನ್ನು ಕಟ್ಟಿದ ಜನ ಯಾರು ಎನ್ನುವುದೇ ನನ್ನ ಮನಸ್ಸಿಗೆ ಹತ್ತಿರವಾದ ವಿಷಯ. ಹೊಟ್ಟೆಪಾಡಿಗೆ, ವ್ಯಾಪಾರಕ್ಕೆ ಎಲ್ಲೆಲ್ಲಿಂದಲೋ ಬಂದವರು. ಲಂಡನ್ನಿನ ತುಂಬಾ ವ್ಯಾಪಾರಿಗಳೇ ಇದ್ದರೆಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಅವರ ಕೈಬರಹವೇ ಸಿಕ್ಕಿದೆ! ಬ್ಯಾಂಕ್ ಸ್ಟೇಷನ್ ಹತ್ತಿರ ವಾಲ್‌ಬ್ರುಕ್ ಎಂಬ ಹೊಳೆ ಹರಿಯುತ್ತಿತ್ತು, ಈಗ ನೆಲದಡಿ ಮುಚ್ಚಿಹೋಗಿದೆ. ಬ್ಲೂಮ್‌ಬರ್ಗ್ ಕಟ್ಟಡಕ್ಕಾಗಿ 2010ರಿಂದ 2014ರವರೆಗೆ ಅಗೆದಾಗ ಅದರ ಒದ್ದೆ ಕೆಸರಿನಲ್ಲಿ 405 ಮರದ ಹಲಗೆಗಳು ಸಿಕ್ಕವು. ಗಾಳಿಯಾಡದ ಕೆಸರು, ಹಾಗಾಗಿ ಕೊಳೆತಿರಲಿಲ್ಲ. ಹಲವು ಹಲಗೆಗಳು ಹಳೆ ಪೀಪಾಯಿ ಒಡೆದು ಮಾಡಿದ್ದು. ಮೇಲೆ ಕಪ್ಪು ಮೇಣ ಬಳಿದು ಕಬ್ಬಿಣದ ಕಡ್ಡಿಯಿಂದ ಬರೆಯುತ್ತಿದ್ದರು. ನಮ್ಮ ವರ್ತಕರು ಬಟ್ಟೆಗೆ ಕರಿ ಬಳಿದು ಬಳಪದಲ್ಲಿ ಕಡತ ಬರೆಯುತ್ತಿದ್ದರಲ್ಲ, ಹಾಗೆ ಅಳಿಸಿ ಮತ್ತೆ ಬರೆಯಬಹುದಿತ್ತು. ಮೇಣ ಹೋಗಿದೆ, ಕಡ್ಡಿ ಮರಕ್ಕೆ ತಾಗಿದ ಗೀರುಗಳು ಉಳಿದಿವೆ. ಆ ಗೀರುಗಳಿಂದಲೇ ಓದಿದ್ದಾರೆ.

ಅದರಲ್ಲಿ ಒಂದರ ತಾರೀಖು ಕ್ರಿ.ಶ. 57ರ ಜನವರಿ 8. ನಮ್ಮ ಕಡೆ ಬರೆಯುವ ಪ್ರೋನೋಟೇ ಅದು. ಟಿಬುಲ್ಲಸ್ ಎಂಬುವನು ಗ್ರಾಟಸ್ ಎಂಬುವನಿಗೆ 105 ದಿನಾರಿ ಕೊಡಬೇಕು, ಸರಕು ಬಂದಿದೆ, ದುಡ್ಡು ಬಾಕಿ. ಇಬ್ಬರೂ ಗುಲಾಮಗಿರಿಯಿಂದ ಬಿಡುಗಡೆಯಾದವರು. ಇನ್ನೊಂದು ಹಲಗೆಯಲ್ಲಿ ಯಾರೋ ಸ್ನೇಹಿತನಿಗೆ ಎಚ್ಚರಿಕೆ ಹೇಳುತ್ತಿದ್ದಾರೆ: ನೀನು ಸಾಲ ಕೊಟ್ಟಿದ್ದೀಯ ಅಂತ ಸಾಲ ತೆಗೆದುಕೊಂಡವರೇ ಇಡೀ ಮಾರ್ಕೆಟ್ಟಿನಲ್ಲಿ ಕೊಚ್ಚಿಕೊಳ್ಳುತ್ತಿದ್ದಾರೆ, ನಿನ್ನ ಮರ್ಯಾದೆ ನೋಡಿಕೋ ಎಂದು. ಅದನ್ನು ಓದಿದಾಗ ನನ್ನ ಕಣ್ಣು ತುಂಬಿತು. ನಾನು ಬಂದದ್ದೂ ಸಾಲದ ಟಿಕೆಟ್ಟಿನಲ್ಲೇ. ಆ ಸಾಲದ ಮಾತು ಮದುವೆ ಮನೆಗಳಲ್ಲೆಲ್ಲ ಸುತ್ತಾಡಿ ಅಪ್ಪನ ಕಿವಿಗೂ ಬಿದ್ದಿತ್ತು. ಎರಡು ವರ್ಷ ಅದನ್ನು ತೀರಿಸುವುದೇ ನನ್ನ ಲಂಡನ್ ಆಗಿತ್ತು. ಈ ಊರಿನ ಮೊದಲ ಜನವೂ ಇದೇ ಚಿಂತೆಯಲ್ಲಿ ಮಲಗಿ ಎದ್ದವರು ಅಂತ ಗೊತ್ತಾದ ಮೇಲೆ ನಾನು ಇಲ್ಲಿ ಪರಕೀಯಳಾಗಿ ನಡೆಯಲಿಲ್ಲ.

ಇನ್ನು ಸಂಬಂಧ ಏನು ಅಂದೆಯಲ್ಲ. ಮಾರ್ಟಿಮರ್ ವೀಲರ್ ಅಂತ ಒಬ್ಬರಿದ್ದರು. 1926ರಿಂದ ಲಂಡನ್ ಮ್ಯೂಸಿಯಂ ನೋಡಿಕೊಂಡವರು, ರೋಮನ್ ಲಂಡನ್ ಬಗ್ಗೆ ಪುಸ್ತಕ ಬರೆದವರು. ಆಮೇಲೆ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿ ಬಂದು 1947ರಲ್ಲಿ ಅಗೆಸಿದ್ದು ಎಲ್ಲಿ? ನಿನ್ನ ಜಿಲ್ಲೆಯ ಬ್ರಹ್ಮಗಿರಿಯಲ್ಲಿ, ನಿನ್ನ ಊರಿನ ಚಂದ್ರವಳ್ಳಿಯಲ್ಲಿ. ಅವರಿಗಿಂತ ಮೊದಲು ಮೈಸೂರಿನ ಎಂ. ಎಚ್. ಕೃಷ್ಣ ಅಲ್ಲಿ ಅಗೆದಿದ್ದರು. ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ದಿನಾರಿ ಅಂದರೆ ಅವೇ. ಟಿಬುಲ್ಲಸ್ ಬಾಕಿ ಇಟ್ಟುಕೊಂಡಿದ್ದನಲ್ಲ, ಅದೇ ದುಡ್ಡು.

ಈ ಶನಿವಾರ ಸುಮ್ನೆ ರೂಮಿನಲ್ಲಿ ಕೂರಬೇಡ. ಹನ್ನೊಂದಕ್ಕೆ ಟವರ್ ಹಿಲ್ ಸ್ಟೇಷನ್ ಹೊರಗೆ ಸಿಗು. ಗೋಡೆಯಿಂದ ಶುರು ಮಾಡೋಣ. ಅಲ್ಲಿಂದ ಗಿಲ್ಡ್‌ಹಾಲ್ ಅಂಗಳಕ್ಕೆ ನಡೆಯೋಣ. 1988ರಲ್ಲಿ ಅದರಡಿ ರೋಮನ್ನರ ಕಾಳಗದ ಅಖಾಡ (ಆಂಫಿಥಿಯೇಟರ್) ಸಿಕ್ಕಿತು. ಅದರ ಅಂಚು ಎಲ್ಲಿತ್ತೆಂದು ನೆಲದಲ್ಲಿ ಕಪ್ಪು ಕಲ್ಲಿನ ಬಳಸು ಗೆರೆ ಹಾಕಿದ್ದಾರೆ. ಆ ಗೆರೆಯ ಮೇಲೇ ನಡೆಯಬಹುದು. ಕೊನೆಗೆ ಬ್ಲೂಮ್‌ಬರ್ಗ್ ಕೆಳಗಿನ ಮಿತ್ರಾಸ್ ಎಂಬ ರೋಮನ್ನರ ದೇವರ ಗುಡಿ. ಈ ಹೆಸರೂ ನಮ್ಮ ವೇದದ ಮಿತ್ರನ ಹೆಸರೂ ಒಂದೇ ಬೇರಿನವು. 1954ರಲ್ಲಿ ಅದು ಸಿಕ್ಕಾಗ ಲಕ್ಷಗಟ್ಟಲೆ ಜನ ಕ್ಯೂ ನಿಂತು ನೋಡಿದ್ದರಂತೆ. ಮೆಟ್ಟಿಲಿಳಿದರೆ ಕತ್ತಲು, ಮಂಜು, ಲ್ಯಾಟಿನ್ ಪಿಸುಮಾತು. ಮೇಲಿನ ಅಂತಸ್ತಿನಲ್ಲಿ ಅಗೆತದಲ್ಲಿ ಸಿಕ್ಕ ವಸ್ತುಗಳನ್ನು ಗಾಜಿನ ಹಿಂದೆ ಜೋಡಿಸಿದ್ದಾರೆ. ಎಲ್ಲಾ ಕಡೆಯೂ ಪುಕ್ಕಟೆ. ಗುಡಿಗೆ ಮಾತ್ರ ಮೊದಲೇ ಬುಕ್ ಮಾಡಿದರೆ ಒಳ್ಳೆಯದು, ಇಬ್ಬರಿಗೂ ನಾನೇ ಮಾಡುತ್ತೇನೆ.

ಚಿತ್ರಾನ್ನ ನಾನು ತರುತ್ತೇನೆ. ನೀನು ದಾರಿಯಲ್ಲಿ ಚಂದ್ರವಳ್ಳಿ ಹೇಗಿದೆ ಅಂತ ಹೇಳಬೇಕು. ಆ ಕೆರೆ, ಆ ಗುಹೆ ನಾನು ಇನ್ನೂ ನೋಡಿಲ್ಲ.