‘ಹೃದಯ ಚೆನ್ನಾಗಿತ್ತು’ ಎಂದು ಬರೆಯುವ ಮುನ್ನ

ಮಾನ್ಯರೇ,

‘ರಕ್ತದೊತ್ತಡ ಗಂಡಸರ ಕಾಯಿಲೆಯೇ?’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಭಾಷೆ ಸೊಗಸಾಗಿದೆ, ಆದರೆ ವಿಷಯ ಕೈತಪ್ಪಿದೆ.

ಅದು ಕೈತಪ್ಪಿದ್ದು ಮೂರನೆಯ ಪುಟದಲ್ಲಿ. ಹತ್ತಾರು ವರ್ಷಗಳಿಂದ ಬಿ.ಪಿ. ಇರುವ ನಿಮ್ಮ ಅತ್ತೆಯವರು ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾರೆ. ಎಕೋ ಪರೀಕ್ಷೆಯ (ಹೃದಯದ ಸ್ಕ್ಯಾನ್) ವರದಿಯಲ್ಲಿ ಇಜೆಕ್ಷನ್ ಫ್ರಾಕ್ಷನ್ ಶೇ. 60 ಎಂದಿರುವುದನ್ನು ನೋಡಿ ನೀವು ‘ಸದ್ಯ, ಹೃದಯ ಚೆನ್ನಾಗಿತ್ತು’ ಎಂದು ಬರೆದು ಮುಂದೆ ಸಾಗಿದ್ದೀರಿ. ನಿಲ್ಲಬೇಕಾಗಿದ್ದುದು ಅಲ್ಲಿಯೇ. ಆ ಅಂಕಿ ಹೇಳುವುದು ಹೃದಯದ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಯಿತು ಎಂಬುದನ್ನೇ ಹೊರತು ಎಷ್ಟು ತುಂಬಿತ್ತು ಎಂಬುದನ್ನಲ್ಲ. 120 ಮಿ.ಲೀ. ತುಂಬಿದರೆ ಶೇ. 60 ಎಂದರೆ 72 ಮಿ.ಲೀ.; 70 ಮಾತ್ರ ತುಂಬಿದರೆ 42.

ಹೆಚ್ಚಿನ ಒತ್ತಡದ ವಿರುದ್ಧ ವರ್ಷಗಟ್ಟಲೆ ದುಡಿದ ಎಡ ಹೃತ್ಕುಕ್ಷಿಯ (ದೇಹಕ್ಕೆ ರಕ್ತ ತಳ್ಳುವ ಕೋಣೆಯ) ಗೋಡೆ ಹೆಂಗಸರಲ್ಲಿ ಹೆಚ್ಚಾಗಿ ಒಳಮುಖವಾಗಿ ದಪ್ಪಗಾಗುತ್ತದೆ. ಕೋಣೆ ಕಿರಿದಾಗಿಯೇ ಉಳಿದು, ಸ್ನಾಯು ಬಿಗಿದು, ಬಡಿತಗಳ ನಡುವೆ ಸಡಿಲಗೊಳ್ಳಲಾರದೆ, ಒತ್ತಡ ಹಿಂದಕ್ಕೆ ಶ್ವಾಸಕೋಶದವರೆಗೂ ಏರುತ್ತದೆ. ಅತ್ತೆಯವರ ಏದುಸಿರಿಗೆ ಇದೇ ಕಾರಣವಿರಬಹುದು, ಇದನ್ನು ವೈದ್ಯರಲ್ಲಿ ದಯವಿಟ್ಟು ಕೇಳಿ. ಲೇಖನಕ್ಕಿಂತ ಅದು ಮುಖ್ಯ. ಗಂಡಸರಲ್ಲಿ ಕೋಣೆ ಹಿಗ್ಗುವುದು, ಹೃದಯಾಘಾತವಾಗಿ ಪಂಪು ಮಾಡುವ ಶಕ್ತಿಯೇ ಕುಂದುವುದು ಹೆಚ್ಚು. ಇದು ಒಲವು ಮಾತ್ರ, ಕಟ್ಟುನಿಟ್ಟಿನ ನಿಯಮವಲ್ಲ, ಹಾಗೆಂದು ಬರೆಯಿರಿ.

ಎಡ ಹೃತ್ಕುಕ್ಷಿಯ ತೂಕ ಹೆಚ್ಚಾಗಿದೆ ಎನ್ನಲು ಎಲ್ಲರಿಗೂ ಒಂದೇ ಮಿತಿಯನ್ನು ಕೊಟ್ಟಿದ್ದೀರಿ. ಸಾಮಾನ್ಯವಾಗಿ ಬಳಸುವ ಮಾನದಂಡದಲ್ಲಿ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಗಂಡಸರಿಗೆ 115 ಗ್ರಾಂ, ಹೆಂಗಸರಿಗೆ 95 ಗ್ರಾಂ.

ಅಮೆರಿಕದ ದೀರ್ಘಕಾಲದ ಹೃದ್ರೋಗ ಅಧ್ಯಯನವಾದ ಫ್ರಾಮಿಂಗ್‌ಹ್ಯಾಮ್‌ನ 1996ರ ವರದಿಯನ್ನೂ ತಪ್ಪಾಗಿ ಓದಿದ್ದೀರಿ. ಅಧಿಕ ರಕ್ತದೊತ್ತಡವಿಲ್ಲದ ಗಂಡಸರಿಗೆ ಹೋಲಿಸಿದರೆ ಅದಿರುವ ಗಂಡಸರಲ್ಲಿ ಹೃದಯ ವೈಫಲ್ಯದ (ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ಒದಗಿಸಲಾರದ ಸ್ಥಿತಿಯ) ಅಪಾಯ ಸುಮಾರು ಎರಡು ಪಟ್ಟು, ಹೆಂಗಸರನ್ನು ಹೆಂಗಸರಿಗೇ ಹೋಲಿಸಿದಾಗ ಸುಮಾರು ಮೂರು ಪಟ್ಟು ಎಂಬುದು ಅದರ ಮಾತು. ಗಂಡಸರಿಗಿಂತ ಹೆಂಗಸರಿಗೆ ಮೂರು ಪಟ್ಟು ಎಂದು ಅದು ಹೇಳುವುದಿಲ್ಲ.

‘ಮುಟ್ಟು ನಿಲ್ಲುವವರೆಗೆ ಚಿಂತೆಯಿಲ್ಲ’ ಎಂಬ ವಾಕ್ಯವನ್ನು ಪೂರ್ತಿ ತೆಗೆಯಿರಿ. ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನು ರಕ್ತನಾಳಗಳನ್ನು ಮೃದುವಾಗಿಡಲು ನೆರವಾಗುವುದು ನಿಜ. ಆದರೆ ಗರ್ಭಿಣಿಯಾಗಿದ್ದಾಗ ಬಿ.ಪಿ. ಏರಿ ಪ್ರೀಎಕ್ಲಾಂಪ್ಸಿಯಾ ಎಂಬ ತೊಡಕು ಆದವರಿಗೆ ಮುಂದೆ ಹೃದ್ರೋಗದ ಅಪಾಯ ಹೆಚ್ಚು, ಅಂಥವರು ನಿಮ್ಮ ವಾಕ್ಯವನ್ನು ನಂಬಿ ತಪಾಸಣೆ ಬಿಟ್ಟಾರು.

ಲೇಖನವನ್ನು ಆ ಮೆಟ್ಟಿಲಿನಿಂದಲೇ ಆರಂಭಿಸಿ ಮತ್ತೆ ಕಳುಹಿಸಿ.

ಇಂತು,
ಸಂಪಾದಕ